ಅರಳು ಮರಳು ಎನ್ನುವ ಮೊದಲು

"ಅಮ್ಮನಿಗೆ ಅರಳು ಮರಳು ಸಿಸ್ಟರ್. ರಾತ್ರಿಯೆಲ್ಲ ಇಲ್ಲದ ಕುರಿಗಳನ್ನು ಅಟ್ಟುತ್ತಾರೆ. ಯಾವುದಾದರೂ ವೃದ್ಧಾಶ್ರಮ ಗೊತ್ತಿದ್ದರೆ ಹೇಳಿ." ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ, ಎಪ್ಪತ್ತು ದಾಟಿದ ತಾಯಿಯನ್ನು ಆಟೋದಲ್ಲಿ ಕರೆತಂದಿದ್ದ ಮಗನ ಮಾತಿದು. ನಿದ್ದೆಯಿಲ್ಲದೆ ಮಗನ ಕಣ್ಣು ಕೆಂಪಾಗಿದ್ದವು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಅದು. ನಾನು ಅಲ್ಲಿ ಶುಶ್ರೂಷಕಿ.

ಯಾವಾಗಿನಿಂದ ಎಂದು ಕೇಳಿದೆ. "ಮೊನ್ನೆ ಶನಿವಾರದಿಂದ." ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಹಾಗೆ ದಿಢೀರನೆ ಬರುವುದಿಲ್ಲ, ಸಾಮಾನ್ಯವಾಗಿ ಅದು ತಿಂಗಳು, ವರ್ಷಗಳ ಲೆಕ್ಕದಲ್ಲಿ ಆವರಿಸುತ್ತದೆ. ಮೂರೇ ದಿನದಲ್ಲಿ ಮನುಷ್ಯರು ಬದಲಾದರೆ ಅದು ಡೆಲಿರಿಯಂ, ಅಂದರೆ ಬುದ್ಧಿ ಹಠಾತ್ತನೆ ಗೊಂದಲಕ್ಕೀಡಾಗುವ ಸ್ಥಿತಿ, ಇರಬಹುದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ನ್ಯುಮೋನಿಯಾ, ತಿಂದ ಮಾತ್ರೆ, ಯಾವುದಾದರೂ ಮೆದುಳನ್ನು ಕಲಕಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಈ ಪ್ರಶ್ನೆ ಕೇಳದೆ ಒಬ್ಬ ತಾತನಿಗೆ ವಯಸ್ಸಿನ ಮರೆವು ಎಂದು ಬರೆದುಕೊಂಡಿದ್ದೆ. ಮನೆಯವರು ಅವರನ್ನು ಹಿತ್ತಲ ಕೋಣೆಗೆ ಸೇರಿಸಿದರು. ಅದನ್ನು ನಾನು ಮರೆತಿಲ್ಲ.

ಗಮನ ನಿಲ್ಲುತ್ತದೆಯೇ ಎಂದು ನೋಡಲು ತಾಯಿಗೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿ ಎಂದೆ, ತೆಲುಗಿನಲ್ಲಿ. ಅವರ ಮನೆಮಾತು ತೆಲುಗು. ಕನ್ನಡದಲ್ಲಿ ಕೇಳಿ ತಪ್ಪು ಹುಡುಕುವುದು ಅನ್ಯಾಯ. ಶನಿ, ಶುಕ್ರ ಎಂದವರು ಅಲ್ಲಿಗೇ ಬಿಟ್ಟು ಕುರಿಗಳನ್ನು ಕರೆಯತೊಡಗಿದರು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿದೆ. ಚೀಲದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಗೆ ಪಾದದ ಉರಿಗೆ ಅಮಿಟ್ರಿಪ್ಟಿಲಿನ್ ಇತ್ತು. ಶುಕ್ರವಾರ ನೆಗಡಿಗೆಂದು ಅಂಗಡಿಯಲ್ಲಿ ಕೊಂಡ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್. ಮುಪ್ಪಿನಲ್ಲಿ ಇವೆರಡೂ ಸೇರಿದರೆ ಬುದ್ಧಿ ಮಂಕಾಗಬಹುದು, ಮೂತ್ರವೂ ಕಟ್ಟಬಹುದು. ಕಿಬ್ಬೊಟ್ಟೆ ಮುಟ್ಟಿದೆ, ಕಲ್ಲಿನಂತೆ ಬಿಗಿದಿತ್ತು. ವೈದ್ಯರ ಸೂಚನೆಯಂತೆ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ಕೊಳವೆ, ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಮೂತ್ರ ಬಂತು. ಮೂರು ದಿನದಿಂದ ಆ ತಾಯಿ ನೋವನ್ನು ಹೇಳಲಾರದೆ ಕುರಿಗಳನ್ನು ಅಟ್ಟುತ್ತಿದ್ದರು.

ವೈದ್ಯರು ಎರಡೂ ಮಾತ್ರೆ ನಿಲ್ಲಿಸಿದರು. ಕನ್ನಡಕ ಹಾಕಿಸಿ, ಸಣ್ಣ ದೀಪ ಉರಿಸಿ, ಮಗನನ್ನೇ ಪಕ್ಕದಲ್ಲಿ ಕೂರಿಸಿದೆವು. ಶುಕ್ರವಾರ ಬೆಳಿಗ್ಗೆ ಅವರು ಮಗನನ್ನು ಕೇಳಿದರು, ಮಾವಿನ ತೋಪಿಗೆ ನೀರು ಬಿಟ್ಟೆಯಾ ಎಂದು. ವೃದ್ಧಾಶ್ರಮದ ಮಾತು ಮತ್ತೆ ಬರಲಿಲ್ಲ.

2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಪ್ರಾಯೋಗಿಕವಾಗಿ ಶುರುವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮರೆವಿಗೆ ಚಿಕಿತ್ಸೆಯ ದಾರಿ ತೆರೆದದ್ದು ದೊಡ್ಡದು. ಆದರೆ ಹಳ್ಳಿಯಲ್ಲಿ ಮೊದಲು ನೋಡುವವರು ಆಶಾ ಕಾರ್ಯಕರ್ತೆಯರು. ಅವರೊಂದಿಗೆ ಕುಳಿತಾಗ ನಾನು ಎರಡನ್ನೇ ಒತ್ತಿ ಹೇಳುತ್ತೇನೆ: ಯಾವಾಗಿನಿಂದ ಎಂದು ಕೇಳಿ, ಮಾತ್ರೆಯ ಚೀಲವನ್ನು ನೆಲದ ಮೇಲೆ ಸುರಿಸಿ ನೋಡಿ.