ಮರುಚಾಲನೆಯ ನಂತರ ಗುಂಪು ಆದೇಶಗಳನ್ನು ದೀಪಗಳು ತಿರಸ್ಕರಿಸುತ್ತಿದ್ದುದಕ್ಕೆ ಕಂಡುಕೊಂಡ ಪರಿಹಾರ

ಒಂದೇ ಮಲ್ಟಿಕಾಸ್ಟ್ ಸಂದೇಶದಿಂದ ಹಲವು ಸ್ಮಾರ್ಟ್ ದೀಪಗಳನ್ನು ನಿಯಂತ್ರಿಸುವ ನನ್ನ ವ್ಯವಸ್ಥೆಯಲ್ಲಿ, ವಿದ್ಯುತ್ ಹೋಗಿ ಬಂದಾಗಲೆಲ್ಲ ದೀಪಗಳು ನಿಯಂತ್ರಕದ ಆದೇಶಗಳಿಗೆ ಸ್ಪಂದಿಸುವುದನ್ನೇ ನಿಲ್ಲಿಸುತ್ತಿದ್ದವು. ಸಂದೇಶಗಳನ್ನು ಗೂಢಲಿಪೀಕರಿಸುವ ಕೀಲಿಯೂ ಸರಿಯಿತ್ತು, ನೆಟ್‌ವರ್ಕ್ ಕೂಡ ಸರಿಯಿತ್ತು. ಲಾಗ್ ಪರಿಶೀಲಿಸಿದಾಗ ಕಾರಣ ತಿಳಿಯಿತು: ಮರುಚಾಲನೆಯಾದೊಡನೆ ನಿಯಂತ್ರಕದ ಸಂದೇಶ ಕ್ರಮಸಂಖ್ಯೆಯು ಸೊನ್ನೆಗೆ ಮರಳುತ್ತಿತ್ತು, ಹಿಂದೆ ಬಂದಿದ್ದ ಸಂಖ್ಯೆಗಳೇ ಮತ್ತೆ ಬರುವುದನ್ನು ಕಂಡು ಹಳೆಯ ಸಂದೇಶವನ್ನು ಯಾರೋ ಮತ್ತೆ ಕಳುಹಿಸಿ ದಾಳಿ ನಡೆಸುತ್ತಿದ್ದಾರೆಂದು ದೀಪಗಳು ಎಣಿಸುತ್ತಿದ್ದವು.

ದೀಪಗಳು ಮಾಡುವ ಈ ಕ್ರಮಸಂಖ್ಯೆಯ ಪರಿಶೀಲನೆಯನ್ನೇ ತೆಗೆದುಹಾಕುವುದು ಸುಲಭವಾದರೂ ಅಪಾಯಕಾರಿ. ಎಇಎಸ್-ಸಿಸಿಎಂ ಎಂಬ ಗೂಢಲಿಪೀಕರಣ ವಿಧಾನವನ್ನು ಬಳಸುವಾಗ ನಾನ್ಸ್ (ಪ್ರತಿ ಸಂದೇಶಕ್ಕೂ ಬೇರೆಯೇ ಇರಬೇಕಾದ ಮೌಲ್ಯ) ಈ ಕ್ರಮಸಂಖ್ಯೆಯಿಂದಲೇ ರೂಪುಗೊಳ್ಳುವುದರಿಂದ, ಅದೇ ಕೀಲಿಯೊಂದಿಗೆ ಅದೇ ಸಂಖ್ಯೆ ಮರುಬಳಕೆಯಾದರೆ ಸಂದೇಶದ ಗೋಪ್ಯತೆಯೇ ಉಳಿಯುವುದಿಲ್ಲ. ಹಾಗಾಗಿ ಇಂಥ ಸಣ್ಣ ಸಾಧನಗಳ ಸಂದೇಶಗಳನ್ನು ರಕ್ಷಿಸಲು 2019ರಲ್ಲಿ ಪ್ರಕಟವಾದ ಓಸ್ಕೋರ್ (OSCORE) ಮಾನದಂಡವು ಸೂಚಿಸುವ ಉಪಾಯವನ್ನು ಅಳವಡಿಸಿದೆ: ಪ್ರತಿ ಸಂದೇಶಕ್ಕೂ ಬರೆಯುತ್ತಿದ್ದರೆ ಫ್ಲ್ಯಾಶ್ ಮೆಮೊರಿ ಬೇಗ ಸವೆಯುತ್ತದೆಯಾದ್ದರಿಂದ, ನೂರು ಸಂಖ್ಯೆಗಳಿಗೊಮ್ಮೆ ಮುಂದಿನ ಮಿತಿಯನ್ನು ಮೊದಲೇ ಬರೆದಿಟ್ಟು, ಮರುಚಾಲನೆಯ ನಂತರ ಆ ಮಿತಿಯಿಂದಲೇ ಎಣಿಕೆ ಆರಂಭಿಸುವುದು. ನಡುವಿನ ಕೆಲವು ಸಂಖ್ಯೆಗಳು ವ್ಯರ್ಥವಾಗುತ್ತವೆ, ಅದರಿಂದ ನಷ್ಟವೇನಿಲ್ಲ.

ಗುಂಪಿನ ಕೀಲಿ ಎಲ್ಲ ಸಾಧನಗಳ ಬಳಿಯೂ ಇರುವುದರಿಂದ ಯಾವುದೇ ದೀಪವು ನಿಯಂತ್ರಕದ ಹೆಸರಿನಲ್ಲಿ ಆದೇಶ ಹೊರಡಿಸಬಲ್ಲದು. ಇದನ್ನು ತಡೆಯಲು ಪ್ರತಿ ಆದೇಶಕ್ಕೂ ನಿಯಂತ್ರಕದ ಡಿಜಿಟಲ್ ಸಹಿಯನ್ನು ಸೇರಿಸಿದೆ. ಸಾಧನವೊಂದನ್ನು ಗುಂಪಿನಿಂದ ತೆಗೆದಾಗ, ಹೊಸ ಕೀಲಿಯನ್ನು ಉಳಿದವುಗಳಿಗೆ ಪ್ರತ್ಯೇಕವಾಗಿ ಹಂಚುತ್ತೇನೆ. ಸಹಿಯ ಪರಿಶೀಲನೆಯಿಂದಾಗಿ ದೀಪಗಳು ಬೆಳಗುವುದು ತುಸು ತಡವಾಗುತ್ತದೆ.