ಸ್ಟೀರಿಂಗ್ ಕೊಳ್ಳುವ ಮುನ್ನ ಮೇಜನ್ನೊಮ್ಮೆ ಅಲ್ಲಾಡಿಸಿ ನೋಡಿ

ಕಂಪ್ಯೂಟರ್ ಇಟ್ಟಿರುವ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಜಗ್ಗಿ. ಮೇಜು ಕಿರುಗುಟ್ಟಿತೇ? ಮಾನಿಟರ್ ತೂಗಾಡಿತೇ? ಆಮೇಲೆ ನೀವು ದಿನಾ ಕೂರುವ ಕುರ್ಚಿಯಲ್ಲೇ ಕುಳಿತು, ಕಾಲನ್ನು ಗೋಡೆಗೆ ಕೊಟ್ಟು ಬಲವಾಗಿ ಒತ್ತಿ. ಕುರ್ಚಿ ಹಿಂದಕ್ಕೆ ಸರಿಯಿತೇ? ರೇಸಿಂಗ್ ಆಟಕ್ಕೆ ಸ್ಟೀರಿಂಗ್ ಕೊಳ್ಳಬೇಕೆಂದು ಸಲಹೆ ಕೇಳಿ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಈ ಎರಡು ಪರೀಕ್ಷೆಗಳನ್ನೇ.

ಅದಕ್ಕೆ ಕಾರಣವಿದೆ. ನನ್ನ ಮೊದಲ ಸ್ಟೀರಿಂಗನ್ನು ತೆಳು ಹಲಗೆಯ ಮೇಜಿಗೆ ಕ್ಲ್ಯಾಂಪ್ ಹಾಕಿ ಕೂರಿಸಿದ್ದೆ. ಪೆಡಲ್‌ಗಳು ನುಣುಪು ನೆಲದ ಮೇಲಿದ್ದವು. ಜೋರಾಗಿ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಮುಂದಕ್ಕೆ ಜಾರುತ್ತಿತ್ತು, ಗಾಲಿಗಳಿದ್ದ ಕುರ್ಚಿ ಹಿಂದಕ್ಕೆ ಹೋಗುತ್ತಿತ್ತು. ಜಾರೀತೆಂಬ ಭಯಕ್ಕೆ ಕಾಲು ತಾನಾಗಿಯೇ ಮೆತ್ತಗೆ ಒತ್ತುವುದನ್ನು ಕಲಿತುಬಿಟ್ಟಿತು. ಸರಿಯಾದ ಸ್ಟ್ಯಾಂಡ್ ಬಂದ ಮೇಲೂ ಆ ಅಭ್ಯಾಸ ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಹಾಗಾಗಿ ಹಣ ಹಂಚುವಾಗ ನನ್ನ ಲೆಕ್ಕ ಹೀಗೆ: ಮೊದಲು ಅಲುಗಾಡದ ಕೂರುವ ವ್ಯವಸ್ಥೆ, ಆಮೇಲೆ ಬ್ರೇಕ್ ಪೆಡಲ್, ಕೊನೆಗೆ ಸ್ಟೀರಿಂಗಿನ ಶಕ್ತಿ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ.

ಹಂತ 1: ಯಾವ ಆಟ, ಯಾವ ಗಾಡಿ?

ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಲಾರಿ ಓಡಿಸುವುದೇ ನಿಮಗೆ ಇಷ್ಟವಾದರೆ 900 ಡಿಗ್ರಿ ತಿರುಗುವ ಸಾಧಾರಣ ಸ್ಟೀರಿಂಗ್ ಧಾರಾಳವಾಗಿ ಸಾಕು, ಅಲ್ಲಿ ಮೋಟಾರಿನ ದೈತ್ಯಶಕ್ತಿಗೆ ಕೆಲಸವಿಲ್ಲ. ರ್‍ಯಾಲಿ ಆಟಗಳಲ್ಲಿ ಕಾರಿನ ಹಿಂಬದಿ ಜಾರಿದಾಗ ಸ್ಟೀರಿಂಗ್ ಮಿಂಚಿನಂತೆ ಎದುರು ದಿಕ್ಕಿಗೆ ತಿರುಗಬೇಕು, ಆದ್ದರಿಂದ ಬಲಕ್ಕಿಂತ ವೇಗ ಮುಖ್ಯ. ಅಸೆಟೊ ಕೋರ್ಸಾ, ಐರೇಸಿಂಗ್, ಆರ್‌ಫ್ಯಾಕ್ಟರ್ 2 ತರಹದ ಸರ್ಕ್ಯೂಟ್ ಆಟಗಳಲ್ಲಿ ಬ್ರೇಕಿನ ನಿಖರತೆಯೇ ಲ್ಯಾಪ್ ಟೈಮನ್ನು ನಿರ್ಧರಿಸುತ್ತದೆ. ಇನ್ನು ನಿಜವಾದ ಚಾಲನೆಗಿಂತ ಮೋಜಿಗೆ ಒತ್ತು ಕೊಡುವ ಆರ್ಕೇಡ್ ಶೈಲಿಯ ಆಟಗಳನ್ನಷ್ಟೇ ಆಡುವವರಿಗೆ ಒಳ್ಳೆಯ ಗೇಮ್‌ಪ್ಯಾಡ್ ಸಾಕೆಂದೇ ಹೇಳುತ್ತೇನೆ. ಆ ಆಟಗಳು ಹೆಬ್ಬೆರಳನ್ನು ನೆಚ್ಚಿಕೊಂಡು ರೂಪುಗೊಂಡವು, ಸ್ಟೀರಿಂಗ್ ಹಿಡಿದರೆ ಎಷ್ಟೋ ಸಲ ನಿಧಾನವಾಗುತ್ತೀರಿ.

ಹಂತ 2: ಮೋಟಾರು ಕೈಗೆ ಏನು ಹೇಳುತ್ತದೆ?

ಅತಿ ಅಗ್ಗದ ಸ್ಟೀರಿಂಗ್‌ಗಳಲ್ಲಿ ಮೋಟಾರೇ ಇರುವುದಿಲ್ಲ. ಒಳಗೊಂದು ಸ್ಪ್ರಿಂಗ್ ಅಥವಾ ರಬ್ಬರ್ ಹಗ್ಗವಿದ್ದು, ಎತ್ತ ತಿರುಗಿಸಿದರೂ ನಡುವಿಗೆ ಎಳೆಯುತ್ತಿರುತ್ತದೆ. ಹೆಚ್ಚೆಂದರೆ 180 ಅಥವಾ 270 ಡಿಗ್ರಿ ತಿರುಗುತ್ತದೆ. ನುಣುಪು ರಸ್ತೆಯಲ್ಲೂ ಮಂಜುಗಡ್ಡೆಯ ಮೇಲೂ ಅದರ ಎಳೆತ ಒಂದೇ. ಇವನ್ನು ಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ 'ವೈಬ್ರೇಷನ್' ಎಂದಷ್ಟೇ ಬರೆದಿದ್ದರೂ ಕೊಳ್ಳಬೇಡಿ, ಅದು ಬರೀ ನಡುಕ. ನಿಮಗೆ ಬೇಕಾದದ್ದು ಫೋರ್ಸ್ ಫೀಡ್‌ಬ್ಯಾಕ್, ಅಂದರೆ ಟೈರಿನ ಮೇಲೆ ಬೀಳುವ ಬಲವನ್ನು ಮೋಟಾರಿನ ಮೂಲಕ ಕೈಗೆ ದಾಟಿಸುವ ವ್ಯವಸ್ಥೆ.

ಅದರ ಮಹತ್ವ ತಿಳಿಯಲು ಒಂದು ಉದ್ದನೆಯ ಬಲತಿರುವನ್ನು ನೆನೆಸಿಕೊಳ್ಳಿ. ಕಾರು ತಿರುವಿಗೆ ಇಳಿಯುತ್ತಿದ್ದಂತೆ ಮುಂದಿನ ಟೈರುಗಳು ರಸ್ತೆಯನ್ನು ಕಚ್ಚುತ್ತವೆ. ಟೈರಿನ ಮೇಲೆ ಪಕ್ಕದ ಬಲ ಬೀಳುವುದು ಅದರ ನಟ್ಟನಡುವೆ ಅಲ್ಲ, ತುಸು ಹಿಂದೆ. ಆ ಸಣ್ಣ ಅಂತರವೇ ಸನ್ನೆಕೋಲಿನಂತೆ ಕೆಲಸಮಾಡಿ ಚಕ್ರವನ್ನು ನೇರಕ್ಕೆ ತರಲು ನೋಡುತ್ತದೆ. ಕೈಗೆ ಸ್ಟೀರಿಂಗ್ ಭಾರವೆನಿಸುವುದು ಇದರಿಂದ. ಇನ್ನಷ್ಟು ತಿರುಗಿಸುತ್ತಾ ಹೋದಂತೆ ಟೈರಿನ ಹಿಂಭಾಗ ಜಾರಲು ಶುರುವಾಗಿ ಆ ಅಂತರ ಕುಗ್ಗುತ್ತದೆ. ಹಿಡಿತ ಪೂರ್ತಿ ತಪ್ಪುವ ಮೊದಲೇ, ಬಾವಿಯಿಂದ ಸೇದುವಾಗ ಕೊಡ ಕಳಚಿದ ಹಗ್ಗದ ಹಾಗೆ, ಸ್ಟೀರಿಂಗ್ ಹಗುರಾಗುತ್ತದೆ. 'ಇನ್ನು ತಿರುಗಿಸಬೇಡ' ಎಂದು ಟೈರು ಹೇಳುವ ಮಾತದು. ಈ ಸೂಕ್ಷ್ಮವನ್ನು ದಾಟಿಸುವುದೇ ಒಳ್ಳೆಯ ಸ್ಟೀರಿಂಗಿನ ಗುಣ. ತೋಳು ನೋಯಿಸುವುದಲ್ಲ.

ಮೋಟಾರಿನ ಬಲ ರಿಮ್ಮಿಗೆ (ಕೈಯಲ್ಲಿ ಹಿಡಿಯುವ ಚಕ್ರಕ್ಕೆ) ತಲುಪಲು ಮೂರು ದಾರಿಗಳಿವೆ.

ಮೊದಲನೆಯದು ಗೇರ್. ಲಾಜಿಟೆಕ್ ಜಿ29, ಜಿ920, ಜಿ923 ಈ ಬಗೆಯವು. ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುತ್ತವೆ, ಕಲಿಯುವವರಿಗೆ ಒಗ್ಗುತ್ತವೆ. ಆದರೆ ಹಲ್ಲುಗಳ ನಡುವಿನ ಸಡಿಲದಿಂದಾಗಿ ಸ್ಟೀರಿಂಗ್ ನಡುವಿನಲ್ಲಿರುವಾಗ ಒಂದಿಷ್ಟು ಜಾಗ ಸತ್ತಂತಿರುತ್ತದೆ. ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿ) ಹತ್ತಿದಾಗ ಕಟಕಟ ಸದ್ದು ಬರುತ್ತದೆ, ರಾತ್ರಿ ಆಡುವವರು ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಬೆಲ್ಟ್. ಥ್ರಸ್ಟ್‌ಮಾಸ್ಟರ್ ಟಿ300 ಇದಕ್ಕೆ ಒಳ್ಳೆಯ ಉದಾಹರಣೆ. ನಯವಾಗಿ, ಹೆಚ್ಚು ಸದ್ದಿಲ್ಲದೆ ತಿರುಗುತ್ತದೆ. ಬೆಲ್ಟಿನ ರಬ್ಬರು ರಸ್ತೆಯ ಸಣ್ಣ ತರಿತರಿಯನ್ನು ಸ್ವಲ್ಪ ನುಂಗಿಹಾಕುತ್ತದೆ ಎಂಬುದೊಂದೇ ಕೊರತೆ.

ಮೂರನೆಯದು ಡೈರೆಕ್ಟ್ ಡ್ರೈವ್. ಇಲ್ಲಿ ರಿಮ್ಮು ಮೋಟಾರಿನ ದಂಡಕ್ಕೇ ಕೂತಿರುತ್ತದೆ, ಮಧ್ಯೆ ದಲ್ಲಾಳಿಗಳಿಲ್ಲ. ಹಿಂದೆ ಇದು ವೃತ್ತಿಪರರ ಸಾಮಗ್ರಿಯಾಗಿತ್ತು. 2021ರಲ್ಲಿ ಫ್ಯಾನಟೆಕ್ ಸಿಎಸ್ಎಲ್ ಡಿಡಿ ಬಂದ ಮೇಲೆ, ಮತ್ತೆ ಮೋಜಾ ಆರ್5 ಥರದವು ಸೇರಿಕೊಂಡ ಮೇಲೆ, ಸಾಮಾನ್ಯ ಆಟಗಾರನಿಗೂ ಎಟುಕುವಂತಾಗಿದೆ. ನೇರವಾಗಿ ಇಲ್ಲಿಗೇ ಬರುವ ಶಕ್ತಿಯಿದ್ದರೆ ಬನ್ನಿ.

ಈ ತಿರುಗಿಸುವ ಬಲವನ್ನು ನ್ಯೂಟನ್ ಮೀಟರ್‌ಗಳಲ್ಲಿ ಅಳೆಯುತ್ತಾರೆ. ಬರೀ ಅಂಕಿಯಿಂದ ಕೈಗೇನೂ ತಿಳಿಯುವುದಿಲ್ಲ, ಕಿಲೋ ಲೆಕ್ಕಕ್ಕೆ ತಂದುಕೊಳ್ಳಿ. ಜಿ29 ಬಗೆಯ ಸ್ಟೀರಿಂಗಿನ ಬಲ 2ರ ಆಸುಪಾಸು. 28 ಸೆಂಟಿಮೀಟರ್ ಅಗಲದ ರಿಮ್ಮಿನ ಅಂಚಿನಲ್ಲಿ ಅದು ಸರಿಸುಮಾರು ಒಂದೂವರೆ ಕಿಲೋ ತೂಗಿದಂತೆ. ಟಿ300 ಬಲ 4ರ ಸಮೀಪ. ಸಿಎಸ್ಎಲ್ ಡಿಡಿಯದು 5, ದೊಡ್ಡ ಪವರ್ ಸಪ್ಲೈ ಹಾಕಿದರೆ 8. 30 ಸೆಂಟಿಮೀಟರ್ ರಿಮ್ಮಿನಲ್ಲಿ ಈ 8 ಎಂದರೆ ಸುಮಾರು ಐದೂವರೆ ಕಿಲೋ. ಅರ್ಧ ಗಂಟೆಯ ರೇಸಿನಲ್ಲಿ ಅಷ್ಟನ್ನು ಹಿಡಿದು ತೂಗಿಸಿ ನೋಡಿದರೆ, ಅದಕ್ಕಿಂತ ಹೆಚ್ಚು ನಿಜಕ್ಕೂ ಬೇಕೇ ಎಂಬುದು ತೋಳಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಮಕ್ಕಳೂ ಆಡುವುದಾದರೆ ಬಲವನ್ನು ಸಾಫ್ಟ್‌ವೇರಿನಲ್ಲಿ ಇಳಿಸಿಡಿ. ಗೋಡೆಗೆ ಗುದ್ದುವ ಗಳಿಗೆಯಲ್ಲಿ ಶಕ್ತಿಯುತ ಮೋಟಾರು ರಿಮ್ಮನ್ನು ಗಿರ್ರನೆ ತಿರುಗಿಸುತ್ತದೆ, ಅಡ್ಡಕಡ್ಡಿಯ ಒಳಗೆ ಸಿಕ್ಕಿಸಿಕೊಂಡ ಹೆಬ್ಬೆರಳು ಉಳುಕಿಹೋಗಬಹುದು.

ಹಂತ 3: ಬ್ರೇಕ್ ಪೆಡಲ್

ಇಲ್ಲಿ ಜಿಪುಣತನ ಬೇಡ. ನಿಜವಾದ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಸ್ವಲ್ಪ ಇಳಿದು ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಲೆಕ್ಕಕ್ಕೆ ಬರುವುದು ಎಷ್ಟು ದೂರ ಇಳಿಯಿತೆಂಬುದಲ್ಲ, ಎಷ್ಟು ಬಲ ಹಾಕಿದಿರಿ ಎಂಬುದು. ಅಗ್ಗದ ಪೆಡಲ್‌ಗಳು ದೂರವನ್ನಷ್ಟೇ ಅಳೆಯುತ್ತವೆ. 'ಇಷ್ಟು ಮಿಲಿಮೀಟರ್' ಎಂದು ನೆನಪಿಡುವುದು ಕಾಲಿಗೆ ಕಷ್ಟ, 'ಇಷ್ಟು ಒತ್ತಡ' ಎಂದು ನೆನಪಿಡುವುದು ಸುಲಭ. ಲೋಡ್ ಸೆಲ್ ಇರುವ ಪೆಡಲ್ ಅಳೆಯುವುದು ಬಲವನ್ನೇ.

ನನ್ನ ಅನುಭವದಲ್ಲಿ ಲೋಡ್ ಸೆಲ್ ಬಂದ ಮರುವಾರವೇ ನಾನು ಏಕಾಏಕಿ ವೇಗದ ಚಾಲಕನಾಗಲಿಲ್ಲ. ಆದರೆ ಹತ್ತು ಲ್ಯಾಪ್‌ಗಳಲ್ಲಿ ಹತ್ತೂ ಸಲ ಒಂದೇ ಜಾಗದಲ್ಲಿ ಕಾರು ನಿಧಾನವಾಗತೊಡಗಿತು. ಚಕ್ರಗಳು ಲಾಕ್ ಆಗುವ (ತಿರುಗುವುದು ನಿಂತು ಜಾರುವ) ಅಂಚಿನ ತನಕ ಒತ್ತಿ, ತಿರುವಿಗೆ ಇಳಿಯುತ್ತಾ ಎಳೆಎಳೆಯಾಗಿ ಬಿಡುವುದು (ಟ್ರೇಲ್ ಬ್ರೇಕಿಂಗ್) ಆಗ ಕಾಲಿಗೆ ದಕ್ಕಿತು. ಸ್ಟೀರಿಂಗ್ ಬದಲಿಸಿದಾಗ ಇಷ್ಟು ದೊಡ್ಡ ವ್ಯತ್ಯಾಸ ನನಗೆ ಕಂಡಿರಲಿಲ್ಲ.

ಸೆನ್ಸರ್ ವಿಚಾರದಲ್ಲಿ ಇನ್ನೊಂದು ಮಾತು. ಪೊಟೆನ್ಶಿಯೊಮೀಟರ್ (ವಿದ್ಯುತ್ ತಡೆಯ ಏರಿಳಿತದಿಂದ ಸ್ಥಾನ ಅಳೆಯುವ ಭಾಗ) ಇರುವ ಪೆಡಲ್‌ಗಳಲ್ಲಿ ಒಂದಕ್ಕೊಂದು ಉಜ್ಜುವ ಭಾಗಗಳಿವೆ, ಸವೆಯುತ್ತವೆ, ಧೂಳು ಕೂರುತ್ತದೆ. ನನ್ನ ಹಳೆಯ ಪೆಡಲ್‌ನಲ್ಲಿ ಕಾಲು ಇಟ್ಟಲ್ಲೇ ಇದ್ದರೂ ಪರದೆಯ ಮೇಲೆ ಆಕ್ಸಿಲರೇಟರ್ ಗೆರೆ ಜ್ವರ ಬಂದವರಂತೆ ನಡುಗುತ್ತಿತ್ತು. ಹಾಲ್ ಎಫೆಕ್ಟ್ ಸೆನ್ಸರ್ ಕಾಂತಕ್ಷೇತ್ರದಿಂದ ಅಳೆಯುವುದರಿಂದ ಅದರಲ್ಲಿ ಉಜ್ಜಾಟವಿಲ್ಲ. ಆಕ್ಸಿಲರೇಟರ್, ಕ್ಲಚ್‌ಗಳಿಗೆ ಹಾಲ್ ಎಫೆಕ್ಟ್, ಬ್ರೇಕಿಗೆ ಲೋಡ್ ಸೆಲ್ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ನೆನಪಿರಲಿ, ಲೋಡ್ ಸೆಲ್‌ಗೆ ಹತ್ತಾರು ಕಿಲೋ ಒತ್ತಡ ಹಾಕುತ್ತೀರಿ. ಬರಿಯ ನೆಲದ ಮೇಲೆ ಅದು ನಿಲ್ಲುವುದಿಲ್ಲ. ಗೋಡೆಗೆ ಆನಿಸಿ, ಹಲಗೆಗೆ ಬೋಲ್ಟ್ ಹಾಕಿ, ಇಲ್ಲವೇ ಸ್ಟ್ಯಾಂಡಿಗೆ ಬಿಗಿಯಿರಿ. ಕುರ್ಚಿಯ ಗಾಲಿಗಳನ್ನು ಕಳಚಿಡಿ.

ಹಂತ 4: ತಿರುಗುವ ಕೋನ, ರಿಮ್ಮು

900 ಡಿಗ್ರಿ ಇದ್ದರೆ ಸಾಕು. ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತು. ರ್‍ಯಾಲಿಗೆ 540ರಷ್ಟು, ಫಾರ್ಮುಲಾ ಕಾರಿಗೆ ಒಂದು ಸುತ್ತಿನಷ್ಟು ಇದ್ದರಾಯಿತು, ಅದನ್ನು ಸಾಫ್ಟ್‌ವೇರಿನಲ್ಲೇ ಇಳಿಸಿಕೊಳ್ಳಬಹುದು. ದುಂಡನೆಯ ರಿಮ್ಮು ಎಲ್ಲ ಗಾಡಿಗೂ ಹೊಂದುತ್ತದೆ. ಫಾರ್ಮುಲಾ ಆಕಾರದ್ದು ಚೆಂದ ಕಾಣುತ್ತದೆ, ಆದರೆ ಲಾರಿಗೂ ರ್‍ಯಾಲಿಗೂ ತೊಡಕು.

ಹಂತ 5: ಯಾವ ಯಂತ್ರಕ್ಕೆ ಯಾವುದು?

ಕಂಪ್ಯೂಟರಿನಲ್ಲಷ್ಟೇ ಆಡುವವರಿಗೆ ಚಿಂತೆಯಿಲ್ಲ, ಪ್ರಮುಖ ಸ್ಟೀರಿಂಗ್‌ಗಳೆಲ್ಲ ವಿಂಡೋಸ್‌ನಲ್ಲಿ ನಡೆಯುತ್ತವೆ. ಮುಂದೊಂದು ದಿನ ಕನ್ಸೋಲಿಗೂ ಹಾಕುವ ಯೋಚನೆಯಿದ್ದರೆ ಮಾತ್ರ ಕಣ್ಣಿಟ್ಟು ಓದಿ. ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ, ಅದಲುಬದಲು ಮಾಡಲಾಗದು. ಜಿ923 ಎರಡು ಬೇರೆಬೇರೆ ಆವೃತ್ತಿಗಳಲ್ಲಿ ಬರುತ್ತದೆ. ಫ್ಯಾನಟೆಕ್‌ನದು ಇನ್ನೂ ವಿಚಿತ್ರ: ಪ್ಲೇಸ್ಟೇಷನ್ ಪರವಾನಗಿ ಬೇಸ್‌ನಲ್ಲಿರುತ್ತದೆ (ಮೋಟಾರು ಇರುವ ಪೆಟ್ಟಿಗೆಯೇ ಬೇಸ್), ಎಕ್ಸ್‌ಬಾಕ್ಸ್‌ನದು ರಿಮ್ಮಿನಲ್ಲಿ. ಒಂದು ಕಂಪನಿಯ ಬೇಸಿಗೆ ಇನ್ನೊಂದರ ರಿಮ್ಮು ಸಾಮಾನ್ಯವಾಗಿ ಕೂರುವುದಿಲ್ಲ. ಆದ್ದರಿಂದ ಬೇಸ್ ಆರಿಸುವಾಗ ಅದರ ಇಡೀ ಸಂಸಾರವನ್ನೇ ಆರಿಸುತ್ತಿದ್ದೀರಿ ಎಂದುಕೊಳ್ಳಿ.

ಎಚ್ ಶಿಫ್ಟರ್ (ಕಾರಿನಂಥ ಗೇರ್ ಕೋಲು), ಹ್ಯಾಂಡ್‌ಬ್ರೇಕ್ ಸದ್ಯಕ್ಕೆ ಬೇಡ. ರಿಮ್ಮಿನ ಹಿಂದೆ ಬೆರಳಿಗೆ ಸಿಗುವ ಗೇರ್ ಪಟ್ಟಿಗಳಲ್ಲಿ (ಪ್ಯಾಡಲ್ ಶಿಫ್ಟರ್) ಕೆಲವು ತಿಂಗಳು ಆಡಿ. ಹಳೆಯ ಕಾರು ಅಥವಾ ರ್‍ಯಾಲಿಯ ಗೀಳು ಹತ್ತಿದರೆ ಆಗ ಸೇರಿಸಿಕೊಂಡರಾಯಿತು.

ಹಂತ 6: ಬಳಸಿದ್ದನ್ನು ಕೊಳ್ಳುವಾಗ

ಗೇರ್ ಬಗೆಯ ಸ್ಟೀರಿಂಗ್‌ಗಳನ್ನು ಬಳಸಿದ್ದು ಕೊಂಡರೂ ನಷ್ಟವಿಲ್ಲ, ಪರೀಕ್ಷಿಸಿ ಕೊಳ್ಳಬೇಕು ಅಷ್ಟೆ. ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆರೆಯಿರಿ. ಒಂದೊಂದೇ ಪೆಡಲನ್ನು ಆಮೆವೇಗದಲ್ಲಿ ಒತ್ತಿ, ಬಿಡಿ. ಗೆರೆ ನೀರಿನಂತೆ ಏರಿ ಇಳಿಯಬೇಕು. ಜಿಗಿದರೆ ಸೆನ್ಸರ್ ಸವೆದಿದೆ ಅಥವಾ ಧೂಳು ತುಂಬಿದೆ. ಸ್ಟೀರಿಂಗನ್ನು ತುದಿಯಿಂದ ತುದಿಗೆ ತಿರುಗಿಸಿ ನಡುವಿಗೆ ತಂದಾಗ ಪರದೆಯಲ್ಲೂ ನಡುವಿಗೆ ಬರಬೇಕು. ಕೊನೆಗೆ ಹದಿನೈದು ನಿಮಿಷವಾದರೂ ಆಡಿ ನೋಡಿ. ಬಿಸಿಯಾದ ಮೇಲೆ ಬಲ ಸೊರಗುವ ಮೋಟಾರು ಮೊದಲ ಐದು ನಿಮಿಷದಲ್ಲಿ ಸಿಕ್ಕಿಬೀಳುವುದಿಲ್ಲ.

ಹಂತ 7: ಮೊದಲ ಸಂಜೆ

ಪೆಟ್ಟಿಗೆ ಬಿಚ್ಚಿದ ಉತ್ಸಾಹದಲ್ಲಿ ಎಲ್ಲರೂ ಮಾಡುವುದು ಬಲವನ್ನು ನೂರಕ್ಕೆ ನೂರು ಏರಿಸುವುದು. ಆಗ ಕ್ಲಿಪ್ಪಿಂಗ್ ಎಂಬ ತೊಂದರೆ ಎದುರಾಗುತ್ತದೆ. ಆಟ ಕೇಳುವ ಬಲ ಮೋಟಾರಿನ ಮಿತಿ ಮೀರಿದರೆ ಮಿತಿಯಿಂದಾಚೆಗಿನದೆಲ್ಲ ಒಂದೇ ಸಮನೆ ಭಾರವಾಗುತ್ತದೆ. ಧ್ವನಿವರ್ಧಕವನ್ನು ಅತಿ ಜೋರು ಮಾಡಿದಾಗ ಮಾತು ಒಡೆದುಹೋಗುವ ಹಾಗೆ, ಮೇಲೆ ಹೇಳಿದ ಆ 'ಹಗುರಾಗುವ' ಗಳಿಗೆ ಅದರಲ್ಲಿ ಮುಚ್ಚಿಹೋಗುತ್ತದೆ. ಅಸೆಟೊ ಕೋರ್ಸಾದಲ್ಲಿ ಪೆಡಲ್‌ಗಳ ಪಟ್ಟಿಯ ಪಕ್ಕದಲ್ಲೇ ಬಲದ ಗೆರೆಯೂ ಕಾಣುತ್ತದೆ. ವೇಗದ ತಿರುವಿನಲ್ಲಿ ಅದು ತುತ್ತತುದಿಗೆ ಅಂಟಿಕೊಂಡೇ ನಿಂತರೆ ಗೇನ್ (ಬಲದ ಪ್ರಮಾಣದ ಸೆಟ್ಟಿಂಗ್) ಇಳಿಸಿ. ಕರ್ಬ್ ಹತ್ತಿದಾಗ ಕ್ಷಣಮಾತ್ರ ತುದಿ ಮುಟ್ಟಿದರೆ ಪರವಾಗಿಲ್ಲ.

ಆಮೇಲೆ ಮಾಜ್ಡಾ ಎಂಎಕ್ಸ್-5ನಂಥ ಸಾಧು ಕಾರೊಂದನ್ನು ಆರಿಸಿ, ಗಡಿಯಾರ ನೋಡದೆ, ಒಂದೇ ಉದ್ದನೆಯ ತಿರುವಿನಲ್ಲಿ ಒಂದೇ ವೇಗದಲ್ಲಿ ಮತ್ತೆ ಮತ್ತೆ ಹೋಗಿ. ಪ್ರತಿ ಸಲವೂ ಒಂದು ಬೆರಳಿನಷ್ಟು ಹೆಚ್ಚು ತಿರುಗಿಸಿ. ಭಾರ ಏರುತ್ತಾ ಏರುತ್ತಾ ಒಂದು ಕಡೆ ಸಡಿಲವಾಗುತ್ತದೆ, ಕಾರಿನ ಮೂತಿ ಹೊರಕ್ಕೆ ಸರಿಯುತ್ತದೆ. ಅಲ್ಲಿ ಸ್ಟೀರಿಂಗನ್ನು ಆ ಬೆರಳಿನಷ್ಟೇ ಹಿಂದಕ್ಕೆ ಬಿಡಿ. ಭಾರ ಮತ್ತೆ ಕೈಗೆ ಬಂದು ಕೂರುತ್ತದೆ, ಟೈರು ರಸ್ತೆಯನ್ನು ಕಚ್ಚುತ್ತದೆ.