ಲದ್ದಿಯ ಪ್ಲೇಟಿನಲ್ಲಿ ಗುಲಾಬಿ ಚುಕ್ಕೆ

ಲಾಯಕ್ಕೆ ಹೋದ ಮೊದಲ ದಿನವೇ ನಗೆಪಾಟಲಾದೆ. "ಸ್ವಲ್ಪ ಸಗಣಿ ಬೇಕಿತ್ತು" ಅಂದೆ. "ಸಗಣಿ ಹಸುವಿನದು ಸಾರ್, ಕುದುರೆಯದು ಲದ್ದಿ" ಅಂದ ಸಾಯೀಸ. ನಾನು ಲ್ಯಾಬಿನವನು, ಗೊತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅದರೊಳಗಿನ ಇ. ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾ, ಅದರಲ್ಲೂ ಸೆಫೊಟಾಕ್ಸಿಮ್‌ನಂಥ ಆ್ಯಂಟಿಬಯೋಟಿಕ್ ಔಷಧಿಯನ್ನೇ ಮುರಿದು ಹಾಕುವ ಇಎಸ್‌ಬಿಎಲ್ ಕಿಣ್ವ ಇರುವಂಥದ್ದು.

ಲದ್ದಿ ಬಿದ್ದ ಕೂಡಲೇ, ಹುಲ್ಲು ಮಣ್ಣು ತಾಗದ ಒಳಭಾಗದಿಂದ ತೆಗೆದು ಐಸ್ ಡಬ್ಬಿಗೆ ಹಾಕುತ್ತಿದ್ದೆ. ಆಮೇಲೆ 1 ಗ್ರಾಂ ಲದ್ದಿಯನ್ನು 9 ಮಿ.ಲೀ. ಸಲೈನ್‌ನಲ್ಲಿ ಕದಡಿ, ಲೀಟರಿಗೆ 1 ಮಿ.ಗ್ರಾಂ ಸೆಫೊಟಾಕ್ಸಿಮ್ ಬೆರೆಸಿದ ಮ್ಯಾಕಾಂಕಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಇ. ಕೋಲಿ ಇದರಲ್ಲಿ ಗುಲಾಬಿಯಾಗಿ ಕಾಣುತ್ತೆ) ಮೇಲೆ ಗೀರಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಿದ್ದೆ.

ಮೊದಲ ಸಲ ಎಲ್ಲಾ ಪ್ಲೇಟೂ ಗುಲಾಬಿ! ಖುಷಿಯೋ ಖುಷಿ. "ಕಂಟ್ರೋಲ್ ಎಲ್ಲಿ?" ಅಂದರು ಹಿರಿಯರೊಬ್ಬರು. ಪ್ಲೇಟು ಸರಿಯಿದೆಯಾ ಅಂತ ತಿಳಿಯಲು ಎಟಿಸಿಸಿ 25922 ಅನ್ನೋ ಪಾಪದ ಇ. ಕೋಲಿ ತಳಿ ಹಾಕಿ ನೋಡಿದೆ. ಈ ಔಷಧಿಗೆ ಸಾಯಲೇಬೇಕಾದ ಅದೂ ದಿಬ್ಬಣ ಹೊರಟ ಹಾಗೆ ಬೆಳೆದಿತ್ತು. ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಿಂದ ತೆಗೆದ ಅಗಾರ್ ಸುಮಾರು 50 ಡಿಗ್ರಿಗೆ ಆರುವ ಮೊದಲೇ ಔಷಧಿ ಸುರಿದಿದ್ದೆ, ಅದು ಬಿಸಿಗೆ ಕೆಟ್ಟಿತ್ತು. ಆ ವಾರದ ಲದ್ದಿಯೆಲ್ಲ ದಂಡ.

ಎರಡನೇ ಸುತ್ತಿನಲ್ಲಿ ಕೆಲವೇ ಪ್ಲೇಟುಗಳಲ್ಲಿ ಬೆಳೆಯಿತು. ಗುಲಾಬಿ ಅಂದರೆ ಇ. ಕೋಲಿಯೇ ಅಂತಲ್ಲ, ಕ್ಲೆಬ್ಸಿಯೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾನೂ ಆಗಬಹುದು, ಅದಕ್ಕೆ ಎರಡನ್ನೂ ಬೇರ್ಪಡಿಸಲು ಇಂಡೋಲ್ ಪರೀಕ್ಷೆ ಮಾಡಿ ನೋಡಿದೆ. ಆಮೇಲೆ ಸೆಫೊಟಾಕ್ಸಿಮ್ ಡಿಸ್ಕ್ ಒಂದು, ಅದಕ್ಕೇ ಆ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲ ಸೇರಿಸಿದ್ದು ಇನ್ನೊಂದು. ಎರಡನೆಯದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಮೊದಲನೆಯದರ ವೃತ್ತಕ್ಕಿಂತ 5 ಮಿ.ಮೀ. ಅಥವಾ ಇನ್ನೂ ಜಾಸ್ತಿ ದೊಡ್ಡದಾದರೆ ಇಎಸ್‌ಬಿಎಲ್.

ಸಿಕ್ಕಿದ್ದರಲ್ಲಿ ಒಂದು ಕುದುರೆಗೆ ಗಾಯಕ್ಕೆ ಸೆಫೊಟಾಕ್ಸಿಮ್ ಜಾತಿಯದೇ ಔಷಧಿ ಸೆಫ್ಟಿಯೋಫರ್ ಚುಚ್ಚಿದ್ದರು, ಅದು ಅರ್ಥವಾಗುತ್ತೆ. ಆದರೆ ಪಕ್ಕದ ಅಂಕಣದ ಹೆಣ್ಣು ಕುದುರೆಗೆ ವರ್ಷದಿಂದ ಒಂದೂ ಇಂಜೆಕ್ಷನ್ ಇಲ್ಲ, ಚೆನ್ನಾಗಿ ಹುರುಳಿ ತಿಂದುಕೊಂಡಿದೆ, ಅದರಲ್ಲೂ ಸಿಕ್ಕಿತು! ಎರಡಕ್ಕೂ ಒಂದೇ ಸಲಿಕೆ, ಒಂದೇ ಬಕೆಟ್, ಒಂದೇ ಸಾಯೀಸನ ಕೈ. ಹೀಗೇ ದಾಟಿತು ಅಂತ ಜೀನ್ ನೋಡದೆ ಹೇಳುವಂತಿಲ್ಲ. ನನ್ನ ಗುಮಾನಿಯಂತೂ ಸಲಿಕೆ ಮೇಲೆಯೇ.

"ಹಾಗಾದ್ರೆ ಔಷಧಿ ಕೊಡೋಣವಾ?" ಅಂದರು ಮಾಲೀಕರು. ಬೇಡವೇ ಬೇಡ ಅಂದರು ಲಾಯದ ಡಾಕ್ಟರು. ಹೊಟ್ಟೆಯಲ್ಲಿ ಸುಮ್ನೆ ಕೂತಿರುವುದು ಕಾಯಿಲೆಯಲ್ಲ. ಕುದುರೆ ಮೇವು ಅರಗಿಸುವುದೇ ದೊಡ್ಡ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಂದ, ಅವನ್ನು ಕೊಂದರೆ ಭೇದಿ ಶುರುವಾಗಿ ಕುದುರೆಯೇ ಕೈಬಿಟ್ಟು ಹೋಗಬಹುದು, ಮೇಲಾಗಿ ಔಷಧಿಗೆ ಬಗ್ಗದ ಜಾತಿಗೇ ಜಾಗ ಸಿಗುತ್ತೆ, ಅಲ್ವಾ?

ಈಗ ಔಷಧಿ ನಡೆಯುತ್ತಿರುವ ಕುದುರೆಗೆ ಬೇರೆ ಸಲಿಕೆ ಇದೆ, ಹಿಡಿಗೆ ಕೆಂಪು ಬಣ್ಣ. ಆ ಅಂಕಣವನ್ನು ಸಾಯೀಸ ಕೊನೆಗೆ ಗುಡಿಸುತ್ತಾನೆ. ಕೈ ತೊಳೆಯುವುದನ್ನು ಮಾತ್ರ ಇನ್ನೂ ನೆನಪಿಸಬೇಕು.